ಯಾವ ಮಗ್ಗುಲು ಮೇಲೆ? ಸಿಡ್ನಿ ಲೋಬ್ ಮೇಷ್ಟ್ರು ಮತ್ತು ಉಪ್ಪು ತಡೆಯೋ ಪೊರೆ

ಮೊದ್ಲು ದೋಸೆ ವಿಷಯ ಮಾತಾಡೋಣ. ಕಾವಲಿ ಮೇಲೆ ಹಿಟ್ಟು ಹುಯ್ದು ಹರಡ್ತೀರಿ, ಎರಡು ನಿಮಿಷದಲ್ಲಿ ಮೇಲ್ಗಡೆ ತೂತು ತೂತಾಗಿ ಏಳುತ್ತೆ, ಎತ್ತಿ ತಿರುಗಿಸಿ ನೋಡಿದ್ರೆ ಕಾವಲಿಗೆ ಅಂಟಿದ್ದ ಕಡೆ ನುಣ್ಣಗೆ ಗಟ್ಟಿಯಾಗಿರುತ್ತೆ. ಒಂದೇ ಹಿಟ್ಟು, ಒಂದೇ ದೋಸೆ, ಮುಖ ಮಾತ್ರ ಎರಡು. ತೂತಿನ ಕಡೆ ತುಪ್ಪ ಬಿಟ್ರೆ ಒಳಗಿಳಿಯುತ್ತೆ, ನುಣ್ಣಗಿರೋ ಕಡೆ ಬಿಟ್ರೆ ಜಾರಿ ತಟ್ಟೆಗೆ ಬೀಳುತ್ತೆ. ಇದನ್ನ ತಲೇಲಿಟ್ಕೊಂಡಿರಿ, ಇವತ್ತಿನ ಮಾತೆಲ್ಲ ಇದರ ಸುತ್ತಾನೇ ತಿರುಗುತ್ತೆ.

ನಿಮ್ಮ ಅಡುಗೆಮನೆ ಗೋಡೆಲಿರೋ ಆರ್‌ಓ ಮೆಷಿನ್, ಊರಲ್ಲಿ ಕಾಯಿನ್ ಹಾಕಿದ್ರೆ ಕ್ಯಾನ್ ತುಂಬ್ಸೋ ಶುದ್ಧ ಕುಡಿಯುವ ನೀರಿನ ಘಟಕ, ಡಯಾಲಿಸಿಸ್ ವಾರ್ಡಿಗೆ ಹೋಗೋ ನೀರು (ಒಬ್ಬ ಪೇಷಂಟಿಗೆ ಒಂದು ಸಲಕ್ಕೆ ಸುಮಾರು 120 ಲೀಟರ್ ಬೇಕು), ಚೆನ್ನೈ ಪಕ್ಕದ ಮಿಂಜೂರಲ್ಲಿ 2010ರಿಂದ ದಿನಕ್ಕೆ 10 ಕೋಟಿ ಲೀಟರ್ ಸಮುದ್ರದ ನೀರನ್ನ ಸಿಹಿ ಮಾಡೋಕೆ ಕಟ್ಟಿರೋ ಪ್ಲಾಂಟ್, ಇವೆಲ್ಲದರ ಹೊಟ್ಟೆಯೊಳಗೆ ಒಂದು ತೆಳ್ಳನೆ ಪೊರೆ ಇದೆ. ಆ ಪೊರೆನ ಕೆಲಸಕ್ಕೆ ಬರೋ ಹಾಗೆ ಮಾಡಿದೋರು ಇಬ್ಬರು, ಸಿಡ್ನಿ ಲೋಬ್ ಮತ್ತು ನಮ್ಮ ದೇಶದಲ್ಲೇ ಹುಟ್ಟಿದ ಶ್ರೀನಿವಾಸ ಸೌರಿರಾಜನ್. ನಾನು ಇವತ್ತು ಹೆಚ್ಚಾಗಿ ಲೋಬ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ಕೆಮಿಕಲ್ ಇಂಜಿನಿಯರಿಂಗ್ ಪಾಠ ಮಾಡ್ಕೊಂಡು ಬಂದ ನನಗೆ ಆ ಮೇಷ್ಟ್ರ ಬದುಕು ತುಂಬ ಹತ್ತಿರದ್ದು ಅನ್ಸುತ್ತೆ.

ಅಂದಹಾಗೆ ಪೊರೆ ಅನ್ನೋ ಪದ ನೋಡಿ. ಹಾವು ಬಿಡೋದೂ ಪೊರೆ, ಅಜ್ಜನ ಕಣ್ಣಿಗೆ ಬರೋದೂ ಪೊರೆ, ಮೆಂಬ್ರೇನಿಗೂ ಪೊರೆ ಅಂತೀವಿ. ಕ್ರಿಯಾಪದ ಮಾಡಿದ್ರೆ ಪೊರೆ ಅಂದ್ರೆ ಸಾಕು, ಸಲಹು, ಕಾಪಾಡು. ಇಂಗ್ಲಿಷಲ್ಲಿ ಮೂವತ್ತು ವರ್ಷ ಈ ವಿಷಯ ಪಾಠ ಮಾಡಿದ ನನಗೆ ಇದು ಹೊಳೆದದ್ದು ಕನ್ನಡದಲ್ಲಿ ಮಾತಾಡೋಕೆ ಶುರು ಮಾಡಿದ ಮೇಲೇನೆ.

ಲೋಬ್ ಹುಟ್ಟಿದ್ದು 1917ರಲ್ಲಿ, ಅಮೆರಿಕದ ಕ್ಯಾನ್ಸಸ್ ಸಿಟಿಲಿ. 1941ರಲ್ಲಿ ಇಲಿನಾಯ್ ಯೂನಿವರ್ಸಿಟಿಯಿಂದ ಕೆಮಿಕಲ್ ಇಂಜಿನಿಯರಿಂಗ್ ಡಿಗ್ರಿ ತಗೊಂಡ್ರು. ಆಮೇಲೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಲಾಸ್ ಏಂಜಲೀಸ್ ಕಡೆ ಕಂಪನಿಗಳಲ್ಲಿ ಕೆಲಸ, ಪೆಟ್ರೋಕೆಮಿಕಲ್, ರಾಕೆಟ್, ನ್ಯೂಕ್ಲಿಯರ್ ಅಂತ. ಮತ್ತೆ ಕ್ಲಾಸ್‌ರೂಮಿಗೆ ಹೋಗಿ ಕೂತಾಗ ಅವರಿಗೆ ಹತ್ತಿರ ಹತ್ತಿರ 40 ವಯಸ್ಸು. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಲಾಸ್ ಏಂಜಲೀಸ್ ಕ್ಯಾಂಪಸ್, ಯುಸಿಎಲ್‌ಎ ಅಂತಾರಲ್ಲ, ಅಲ್ಲಿ ಪೋಸ್ಟ್‌ಗ್ರಾಜುಯೇಟ್ ಸ್ಟೂಡೆಂಟ್ ಆಗಿ ಸೇರಿದ್ರು. ಇಲ್ಲಿ ಕೂತಿರೋ ಫೈನಲ್ ಇಯರ್ ಮಕ್ಕಳಿಗೆ ಇದನ್ನ ಬೇಕು ಅಂತಾನೇ ಹೇಳ್ತಿದೀನಿ, ಇಪ್ಪತ್ತೆರಡಕ್ಕೆ ಪ್ಲೇಸ್‌ಮೆಂಟ್ ಆಗ್ಲಿಲ್ಲ ಅಂತ ಕಣ್ಣೀರು ಹಾಕ್ಕೊಂಡು ನನ್ನ ರೂಮಿಗೆ ಬಂದೋರು ಎಷ್ಟೋ ಜನ. ಲೋಬ್ ಹೆಸರು ಹೇಳಿಸೋ ಕೆಲಸ ಶುರುವಾಗಿದ್ದೇ ನಲವತ್ತರ ಮೇಲೆ, ಮತ್ತೆ ಅದು ತೊಂಬತ್ತರ ಹತ್ತಿರದವರೆಗೂ ನಡೀತು.

ಈಗ ಉಪ್ಪುನೀರಿನ ಸಮಸ್ಯೆ ಏನು ಅಂತ ನೋಡೋಣ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಭರಣೀಲಿಟ್ರೆ ಬೆಳಿಗ್ಗೆ ಹೊತ್ತಿಗೆ ನೀರು ಬಿಟ್ಟಿರುತ್ತೆ, ಹೌದಲ್ಲ. ಹೋಳಿನ ಜೀವಕೋಶಗಳೊಳಗಿನ ನೀರು ಅವುಗಳ ಪೊರೆ ದಾಟಿ ಉಪ್ಪಿರೋ ಕಡೆ ಹೊರಟುಬರುತ್ತೆ. ಪೊರೆ ಮಧ್ಯದಲ್ಲಿದ್ರೆ ನೀರು ತಾನಾಗೇ ಉಪ್ಪು ಜಾಸ್ತಿ ಇರೋ ಕಡೆ ಓಡುತ್ತೆ, ಇದು ಆಸ್ಮೋಸಿಸ್. ಈ ಓಟದ ಹಿಂದಿರೋ ಒತ್ತಡ ಸಮುದ್ರದ ನೀರಿಗೆ ಸುಮಾರು 27 ಬಾರ್, ನಿಮ್ಮ ಕಾರಿನ ಟೈರಲ್ಲಿರೋದು ಬರೀ ಎರಡು ಎರಡೂಕಾಲು. ನಾವು ಉಪ್ಪುನೀರಿನ ಕಡೆಯಿಂದ ಅದಕ್ಕಿಂತ ಹೆಚ್ಚು ಒತ್ತಿದ್ರೆ ನೀರು ಹಿಂದಕ್ಕೆ ತಿರುಗಿ ಉಪ್ಪನ್ನ ಅಲ್ಲೇ ಬಿಟ್ಟು ಈಕಡೆ ಬರುತ್ತೆ, ರಿವರ್ಸ್ ಆಸ್ಮೋಸಿಸ್, ಅಂದ್ರೆ ನಿಮ್ಮ ಆರ್‌ಓ, ಇಷ್ಟೇ. ಕುದಿಸಿ ಆವಿ ಮಾಡೋಕೇನು ಅಂತ ಕೇಳಬಹುದು. 1000 ಲೀಟರ್ ನೀರನ್ನ ಆವಿ ಮಾಡೋಕೆ, ಆ ಶಾಖನ ಮತ್ತೆ ಬಳಸ್ಕೊಳ್ದೇ ಇದ್ರೆ, 600 ಯೂನಿಟ್ಟಿಗೂ ಹೆಚ್ಚು ಶಕ್ತಿ ಬೇಕು. ಒಳ್ಳೆ ಪೊರೆ ಇದ್ರೆ ಅದೇ 1000 ಲೀಟರ್ ಸಮುದ್ರದ ನೀರನ್ನ ಇವತ್ತು 3 ಯೂನಿಟ್ ಹತ್ತಿರ ಸಿಹಿ ಮಾಡ್ತಾರೆ. 600 ಎಲ್ಲಿ, 3 ಎಲ್ಲಿ. ಆದ್ರೆ 1950ರ ದಶಕದಲ್ಲಿ ಆ ಒಳ್ಳೆ ಪೊರೆನೇ ಇರ್ಲಿಲ್ಲ.

ಪೂರ್ತಿ ಇರ್ಲಿಲ್ಲ ಅಂತಲ್ಲ. ಅಮೆರಿಕ ಸರ್ಕಾರ 1952ರಲ್ಲಿ ಉಪ್ಪುನೀರಿಗೆ ಅಂತಾನೇ ಒಂದು ಆಫೀಸು ತೆಗೀತು, ದುಡ್ಡು ಕೊಡ್ತು, ಫ್ಲಾರಿಡಾ ಯೂನಿವರ್ಸಿಟಿಲಿ ಚಾರ್ಲ್ಸ್ ರೀಡ್ ಮತ್ತು ಅರ್ನೆಸ್ಟ್ ಬ್ರೆಟನ್ ಅನ್ನೋರು ಸೆಲ್ಯುಲೋಸ್ ಅಸಿಟೇಟ್ ಅನ್ನೋ ಪ್ಲಾಸ್ಟಿಕ್ಕಿನ ಹಾಳೆ ಉಪ್ಪನ್ನ ಚೆನ್ನಾಗಿ ತಡೆಯುತ್ತೆ ಅಂತ ತೋರಿಸಿಬಿಟ್ರು. ಅದು ದೊಡ್ಡ ವಿಷಯ, ಅವರನ್ನ ನಾವು ಮರೀಬಾರ್ದು. ಕಷ್ಟ ಏನಪ್ಪಾ ಅಂದ್ರೆ ಉಪ್ಪು ತಡೆಯೋ ಹಾಳೆ ನೀರನ್ನೂ ತಡೀತಿತ್ತು, ಎಷ್ಟು ಒತ್ತಿದ್ರೂ ಹನಿ ಹನಿ. ಹಾಳೆ ತೆಳ್ಳಗೆ ಮಾಡಿದ್ರೆ ನೀರು ಜಾಸ್ತಿ ಬರುತ್ತೆ, ಆದ್ರೆ ಅಷ್ಟು ತೆಳ್ಳಗಿನ ಹಾಳೆ ಆ ಒತ್ತಡಕ್ಕೆ ಹರಿದುಹೋಗುತ್ತೆ. ದಪ್ಪನೂ ಇರ್ಬೇಕು ತೆಳುವೂ ಇರ್ಬೇಕು, ಇದು ಹೇಗೆ ಸಾಧ್ಯ?

ಯುಸಿಎಲ್‌ಎಲಿ ಈ ಕೆಲಸ ಶುರು ಮಾಡಿಸಿದ ಪ್ರೊಫೆಸರ್ ಸ್ಯಾಮ್ಯುಯೆಲ್ ಯೂಸ್ಟರ್. ಅವರು 1958ರಲ್ಲೇ ತೀರ್ಕೊಂಡ್ರು. ಲೋಬ್ ಮತ್ತು ಸೌರಿರಾಜನ್ ಕೆಲಸ ಬಿಡ್ಲಿಲ್ಲ. ಅವರು ಮೊದಲು ಮಾಡಿದ್ದು ಏನೂ ಮಹಾ ಅಲ್ಲ, ಅಂಗಡೀಲಿ ಸಿಗೋ ಸೆಲ್ಯುಲೋಸ್ ಅಸಿಟೇಟ್ ಫಿಲ್ಟರ್ ಹಾಳೆ ತಂದು, ನೀರಲ್ಲಿ ಮುಳುಗ್ಸಿ ಬಿಸಿ ಮಾಡಿ, ಅದರ ರಂಧ್ರ ಕುಗ್ಗುತ್ತಾ ಅಂತ ನೋಡಿದ್ರು. ಕುಗ್ತು, ಸ್ವಲ್ಪ ಉಪ್ಪು ತಡೀತು. ಆದ್ರೆ ಒಂದು ವಿಚಿತ್ರ. ಅದೇ ಹಾಳೆಯ ಒಂದು ತುಂಡು ಚೆನ್ನಾಗಿ ಕೆಲಸ ಮಾಡ್ತಿತ್ತು, ಇನ್ನೊಂದು ತುಂಡು ಮಾಡ್ತಿರ್ಲಿಲ್ಲ. ಅದೇ ಪ್ಯಾಕೆಟ್ಟು, ಅದೇ ಬಿಸಿ, ಅದೇ ಪಂಪು.

ಈ ಜಾಗದಲ್ಲಿ ನಾನು ಸ್ವಲ್ಪ ನಿಲ್ತೀನಿ. ಲ್ಯಾಬಲ್ಲಿ ಕೆಲಸ ಮಾಡಿದೋರಿಗೆಲ್ಲ ಗೊತ್ತು, ಒಂದು ರೀಡಿಂಗ್ ಸರಿ ಬಂದು ಇನ್ನೊಂದು ತಪ್ಪು ಬಂದ್ರೆ ನಾವೇನು ಮಾಡ್ತೀವಿ, ಸ್ಯಾಂಪಲ್ ಕೆಟ್ಟಿರ್ಬೇಕು ಅಂತ ಪಕ್ಕಕ್ಕಿಟ್ಟು, ಐದು ಸಲ ಮಾಡಿ, ಸರಾಸರಿ ತೆಗೆದು, ಗ್ರಾಫ್ ಮೇಲೆ ಒಂದು ಚುಕ್ಕೆ ಇಟ್ಬಿಡ್ತೀವಿ. ನಾನೂ ನನ್ನ ಸ್ಟೂಡೆಂಟ್ಸಿಗೆ ಹಾಗೇ ಹೇಳ್ಕೊಟ್ಟಿದೀನಿ, ಅದರ ಬಗ್ಗೆ ನನಗೆ ಈಗ ಬೇಜಾರಿದೆ. ಅವರಿಬ್ಬರು ಸರಾಸರಿ ತೆಗೀಲಿಲ್ಲ. ಕೂಡಿ ಯೋಚನೆ ಮಾಡಿದ್ರು, ಕೊನೆಗೆ ಗೊತ್ತಾಯ್ತು, ಹಾಳೆ ಯಾವ ಮಗ್ಗುಲು ಉಪ್ಪುನೀರಿಗೆ ಎದುರಾಗಿ ಕೂತಿದೆ ಅನ್ನೋದರ ಮೇಲೆ ಎಲ್ಲ ನಿಂತಿದೆ ಅಂತ. ಒಂದು ಮಗ್ಗುಲಾದ್ರೆ ಉಪ್ಪು ತಡೆಯುತ್ತೆ, ಮಗುಚಿ ಹಾಕಿದ್ರೆ ಇಲ್ಲ. ಕಣ್ಣಿಗೆ ಎರಡೂ ಕಡೆ ಹೆಚ್ಚು ಕಮ್ಮಿ ಒಂದೇ ಥರ ಕಾಣೋ ಹಾಳೆ, ಒಳಗೆ ನಮ್ಮ ದೋಸೆ ಹಾಗೆ ಎರಡು ಮುಖದ್ದು.

ಇದು ಗೊತ್ತಾದ ತಕ್ಷಣ ಆ ದಪ್ಪ ತೆಳುವಿನ ಒಗಟು ಬಿಡಿಸ್ಕೊಂಡ್ತು. ಹಾಳೆ ಪೂರ್ತಿ ದಪ್ಪಗಿದ್ರೂ ಪರವಾಗಿಲ್ಲ, ಒಂದು ಮುಖದಲ್ಲಿ ಮಾತ್ರ ತೆಳ್ಳನೆ ಬಿಗಿ ಚರ್ಮ ಇದ್ರೆ ಸಾಕು, ಉಳಿದದ್ದೆಲ್ಲ ಸ್ಪಂಜಿನ ಹಾಗೆ ಸಡಿಲ ಇದ್ದು ಅದನ್ನ ಹೊತ್ಕೊಂಡಿರ್ಲಿ. ಇನ್ನು ಅಂಗಡಿ ಹಾಳೆ ಯಾಕೆ, ನಾವೇ ಮಾಡೋಣ ಅಂತ ಹೊರಟ್ರು. ಪಾಕ ಕೇಳಿ: ಸೆಲ್ಯುಲೋಸ್ ಅಸಿಟೇಟನ್ನ ಅಸಿಟೋನಲ್ಲಿ ಕರಗಿಸೋದು, ಅದಕ್ಕೆ ನೀರು ಮತ್ತೆ ಮೆಗ್ನೀಷಿಯಂ ಪರ್‌ಕ್ಲೋರೇಟ್ ಅನ್ನೋ ಉಪ್ಪು ಸೇರಿಸೋದು. ಆ ಉಪ್ಪಿನ ಸುಳಿವು ಸಿಕ್ಕಿದ್ದು 1936ರ ಒಂದು ಫ್ರೆಂಚ್ ಪೇಪರಲ್ಲಿ, ಡೋಬ್ರಿ ಅನ್ನೋರು ಬರೆದದ್ದು, ಈ ಉಪ್ಪಿನ ನೀರಲ್ಲಿ ಸೆಲ್ಯುಲೋಸ್ ಅಸಿಟೇಟ್ ಕರಗುತ್ತೆ ಅಂತ. ಇಪ್ಪತ್ತು ವರ್ಷದ ಮೇಲೆ ಯಾರೋ ಅದನ್ನ ಲೈಬ್ರರೀಲಿ ಹುಡುಕಿ ಓದ್ತಾರೆ ಅಂತ ಅವರಿಗೆ ಅನ್ಸಿರೋಕೂ ಸಾಧ್ಯ ಇಲ್ಲ. ಈ ಪಾಕನ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳೀಲಿ ಗಾಜಿನ ಮೇಲೆ ತೆಳ್ಳಗೆ ಎಳೆಯೋದು, ಸ್ವಲ್ಪ ಹೊತ್ತು ಬಿಡೋದು, ಮೇಲ್ಗಡೆ ಅಸಿಟೋನ್ ಆರಿ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಚರ್ಮ ಕಟ್ಟುತ್ತೆ. ಆಗ ಗಾಜಿನ ಸಮೇತ ಐಸ್ ನೀರಿಗೆ ಇಳಿಸಿಬಿಡೋದು, ನೀರು ಒಳನುಗ್ಗಿ ಅಸಿಟೋನನ್ನ ಹೊರಗೆ ತಳ್ಳುತ್ತೆ, ಕೆನೆ ಕೆಳಗಿನ ಭಾಗ ಪೂರ್ತಿ ಸ್ಪಂಜಾಗುತ್ತೆ. ಕೊನೆಗೆ 80 ಡಿಗ್ರಿ ಹತ್ತಿರದ ಬಿಸಿನೀರಲ್ಲಿ ಕೆಲವು ನಿಮಿಷ ಇಟ್ರೆ ಚರ್ಮದ ಸಂದುಗಳು ಬಿಗಿಯಾಗ್ತವೆ.

ಪೂರ್ತಿ ಹಾಳೆ ಸುಮಾರು 100 ಮೈಕ್ರಾನ್ ದಪ್ಪ, ಅಂದ್ರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಅದರಲ್ಲಿ ಚರ್ಮ ಇರೋದು ಮೈಕ್ರಾನಿನ ಹತ್ತನೇ ಎರಡು ಭಾಗ ಅಥವಾ ಅದಕ್ಕೂ ಕಮ್ಮಿ. ಉಪ್ಪು ತಡೆಯೋ ಕೆಲಸ ಎಲ್ಲ ಅದರದ್ದೇ. ನೀರು ಹಿಂದಿನ ಹಾಳೆಗಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬಂತು. 1960ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ರು, 1964ರ ಮೇನಲ್ಲಿ ಸಿಕ್ತು. ಅದೇ 1964ರಲ್ಲಿ ಸ್ಯಾನ್ ಡಿಯಾಗೋದ ಜನರಲ್ ಅಟಾಮಿಕ್‌ನಲ್ಲಿ ರೈಲಿ ಅನ್ನೋರು ಮತ್ತೆ ಅವರ ಜೊತೆಯವರು ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ಆ ಚರ್ಮನ ಕಣ್ಣಿಗೆ ಕಾಣೋ ಹಾಗೆ ತೋರಿಸಿದ್ರು. ಅಂದ್ರೆ ನೋಡಿ, ಪೊರೆ ಮಾಡಿದೋರಿಗೆ ಒಳಗೆ ಏನಿದೆ ಅಂತ ಕೆಲಸದಿಂದ ಗೊತ್ತಾಯ್ತು, ಚಿತ್ರ ಆಮೇಲೆ ಬಂತು.

ಸೌರಿರಾಜನ್ 1961ರಲ್ಲಿ ಕೆನಡಾಕ್ಕೆ ಹೋದ್ರು, ಒಟ್ಟಾವಾದ ನ್ಯಾಷನಲ್ ರಿಸರ್ಚ್ ಕೌನ್ಸಿಲಲ್ಲಿ ದಶಕಗಟ್ಟಲೆ ಕೆಲಸ ಮಾಡಿದ್ರು. ನೀರು ಪೊರೆಯ ಅತಿ ಸಣ್ಣ ರಂಧ್ರಗಳಲ್ಲಿ ಹರಿಯುತ್ತೆ ಅನ್ನೋದು ಅವರ ವಾದ. ಬೇರೆಯವರು ಅಲ್ಲ ಅಂದ್ರು, ನೀರು ಪ್ಲಾಸ್ಟಿಕ್ಕಲ್ಲಿ ಕರಗಿ ಒಂದೊಂದೇ ಅಣು ದಾಟುತ್ತೆ ಅಂತ. ಐವತ್ತು ವರ್ಷ ನಾವು ಕ್ಲಾಸಲ್ಲಿ ಎರಡನೇದನ್ನೇ ಪಾಠ ಮಾಡಿದ್ವಿ, ನಾನೂ ಮಾಡಿದೆ. 2023ರಲ್ಲಿ ಅಮೆರಿಕದ ಎಲಿಮೆಲೆಕ್ ಮತ್ತು ಅವರ ಜೊತೆಗಾರರು, ಇಲ್ಲ, ರಂಧ್ರದಲ್ಲಿ ಹರಿಯೋದೇ ನಿಜ ಅಂತ ಲೆಕ್ಕ ಮತ್ತೆ ಪ್ರಯೋಗ ಎರಡನ್ನೂ ಮುಂದಿಟ್ಟು ಬರೆದ್ರು. ಚರ್ಚೆ ಇನ್ನೂ ಮುಗಿದಿಲ್ಲ. ಮನೆ ಮನೇಲಿ ಓಡ್ತಿರೋ ಒಂದು ವಸ್ತುವಿನೊಳಗೆ ನೀರು ಹೇಗೆ ದಾಟುತ್ತೆ ಅನ್ನೋದೇ ಇವತ್ತಿಗೂ ಬಿಸಿ ಬಿಸಿ ಚರ್ಚೆ, ಎಂಥ ಚೆಂದದ ವಿಷಯ ನೋಡಿ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರ್ತೀನಿ, ಕೊಲಿಂಗ ಅನ್ನೋ ಊರಿಗೆ. ಕ್ಯಾಲಿಫೋರ್ನಿಯಾದ ಒಳನಾಡಲ್ಲಿ, ಸ್ಯಾನ್ ವಾಕೀನ್ ಕಣಿವೇಲಿ ಎಣ್ಣೆಬಾವಿಗಳ ಮಧ್ಯೆ ಇರೋ ಸಣ್ಣ ಊರದು. ರೈಲಿಗೆ ಕಲ್ಲಿದ್ದಲು ತುಂಬೋ ಸ್ಟೇಷನ್ ಅನ್ನೋ ಹೆಸರಿಂದಾನೇ ಊರಿನ ಹೆಸರು ಬಂತು ಅಂತಾರೆ. ನೆಲದಡಿ ನೀರಿತ್ತು, ಆದ್ರೆ ಉಪ್ಪು, ಬಾಯಿಗಿಡೋಕಾಗಲ್ಲ. ಕುಡಿಯೋ ನೀರು ರೈಲಲ್ಲಿ ಟ್ಯಾಂಕರ್ ಡಬ್ಬಿಗಳಲ್ಲಿ ಬರ್ತಿತ್ತು. ಮನೆಗಳಲ್ಲಿ ಮೂರು ನಲ್ಲಿ, ಬಿಸಿನೀರಿಗೊಂದು, ತಣ್ಣೀರಿಗೊಂದು, ಕುಡಿಯೋಕೆ ಇನ್ನೊಂದು. ನಮ್ಮ ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯಿಂದ ಬಂದೋರು ಇಲ್ಲಿದ್ರೆ ನಿಮಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಬಳಸೋಕೆ ಬೋರ್ ನೀರು, ಕುಡಿಯೋಕೆ ಕ್ಯಾನ್ ನೀರು.

1959ರಲ್ಲಿ ಅಲ್ಲಿ ಕರೆಂಟಿಂದ ಉಪ್ಪು ತೆಗೆಯೋ ಎಲೆಕ್ಟ್ರೋಡಯಾಲಿಸಿಸ್ ಪ್ಲಾಂಟ್ ಬಂತು, ಅದೂ ಪೊರೆಯದ್ದೇ ಆದ್ರೆ ಬೇರೆ ಜಾತಿ. ಆಮೇಲೆ 1965ರ ಜೂನಲ್ಲಿ ಲೋಬ್ ಮತ್ತೆ ಅವರ ಜೊತೆಗಾರ ಜೋಸೆಫ್ ಮೆಕ್‌ಕಚನ್ ಯುಸಿಎಲ್‌ಎಯಿಂದ ತಮ್ಮ ಪೊರೆ ತಗೊಂಡು ಹೋಗಿ ದಿನಕ್ಕೆ 5000 ಗ್ಯಾಲನ್, ಅಂದ್ರೆ ಸುಮಾರು 19 ಸಾವಿರ ಲೀಟರ್ ಕೊಡೋ ಪ್ಲಾಂಟ್ ಹಾಕಿದ್ರು. ಒಂದು ಊರಿನ ಜನ ರಿವರ್ಸ್ ಆಸ್ಮೋಸಿಸ್ ನೀರು ಕುಡಿದದ್ದು ಅದೇ ಮೊದಲು. ಪೊರೆನ ಹಾಳೆ ಥರ ಇಡ್ಲಿಲ್ಲ, ಕೊಳವೆ ಒಳಗೋಡೆಗೆ ಅಂಟಿರೋ ಹಾಗೆ ಎಳೆದು ಮಾಡಿದ್ರು, ಯಾಕಂದ್ರೆ ಕೊಳವೆ ಒತ್ತಡ ತಡೆಯುತ್ತೆ, ಒಳಗೆ ಕೊಳೆ ಕೂತ್ರೆ ತೊಳೆಯೋದೂ ಸುಲಭ. ಈಗಿನ ನಿಮ್ಮ ಮನೆ ಪೊರೆ ಚಾಪೆ ಸುತ್ತಿದ ಹಾಗೆ ಸುರುಳಿ ಸುತ್ತಿರುತ್ತೆ, ಆ ಉಪಾಯ ಜನರಲ್ ಅಟಾಮಿಕ್ಕಿನೋರದ್ದು. ಮತ್ತೆ ಪ್ಲಾಸ್ಟಿಕ್ಕೂ ಬದಲಾಗಿದೆ, ಮಿನಿಯಾಪೊಲಿಸ್‌ನ ಜಾನ್ ಕ್ಯಾಡೋಟ್ ಸ್ಪಂಜಿನ ಪದರ ಬೇರೆ, ಮೇಲಿನ ಚರ್ಮ ಬೇರೆ ಪಾಲಿಅಮೈಡಿಂದ ಅಂತ ಮಾಡಿದ್ರು, ಅದರ ಪೇಟೆಂಟ್ 1981ರದ್ದು, ಇವತ್ತು ಎಲ್ಲ ಕಡೆ ಇರೋದು ಹೆಚ್ಚಾಗಿ ಅದೇ. ಆದ್ರೆ ತೆಳು ಚರ್ಮ, ಕೆಳಗೆ ಸ್ಪಂಜು ಅನ್ನೋ ಕಟ್ಟಡ ಲೋಬ್ ಸೌರಿರಾಜನ್ ತೋರಿಸಿದ್ದೇ. ಇದೇ ನೆಪದಲ್ಲಿ ಒಂದು ಮಾತು, ಪಾಲಿಅಮೈಡಿಗೆ ಕ್ಲೋರಿನ್ ಆಗ್ಬರಲ್ಲ, ಅದಕ್ಕೇ ಮೆಷಿನಲ್ಲಿ ಪೊರೆಗಿಂತ ಮುಂಚೆ ಕಾರ್ಬನ್ ಫಿಲ್ಟರ್ ಇಟ್ಟಿರೋದು, ಸರ್ವಿಸಿಗೆ ಬಂದೋನು ಕಾರ್ಬನ್ ಬದಲಾಯಿಸಿ ಅಂದ್ರೆ ದುಡ್ಡು ಕೀಳೋಕೆ ಅಂತ ಬೈಬೇಡಿ.

ಕೊಲಿಂಗ ಯಾಕೆ ಇಷ್ಟ ಅಂದ್ರೆ, ಪೇಪರ್ ಬಂತು, ಪೇಟೆಂಟ್ ಬಂತು, ಅಲ್ಲಿಗೆ ಬಿಟ್ಟಿದ್ರೂ ಲೋಬ್ ಹೆಸರು ಪುಸ್ತಕದಲ್ಲಿ ಇರ್ತಿತ್ತು. ಅವರು ಪೊರೆ ಹಿಂದೇನೇ ಊರಿಗೆ ಹೋದ್ರು, ಯುಸಿಎಲ್‌ಎ ತಂಡ ಪ್ಲಾಂಟ್ ಓಡಿಸ್ತಾ, ನೀರೆಷ್ಟು ಬಂತು ಉಪ್ಪೆಷ್ಟು ಉಳೀತು ಅಂತ ಲೆಕ್ಕ ಬರ್ಕೊಳ್ತಾ ಇತ್ತು.

ನಮ್ಮ ಬಯಲುಸೀಮೆ ಕಡೆ ಒಂದು ಊರಿನ ಘಟಕ ನಿಂತುಹೋಗಿದೆ ಅಂತ ಕೆಲವು ವರ್ಷದ ಹಿಂದೆ ನಾನು ನಾಲ್ಕು ಜನ ಸ್ಟೂಡೆಂಟ್ಸ್ ಕರ್ಕೊಂಡು ಹೋಗಿದ್ದೆ, ಊರ ಹೆಸರು ಬೇಡ. ಉದ್ಘಾಟನೆಯ ಕಲ್ಲಿತ್ತು, ಹೆಸರುಗಳೆಲ್ಲ ಇದ್ವು, ಎಂಟೇ ತಿಂಗಳಿಗೆ ನೀರು ನಿಂತಿತ್ತು. ಹೌಸಿಂಗ್ ಬಿಚ್ಚಿ ಪೊರೆ ಸುರುಳಿ ಹೊರಗೆ ಎಳೆದ್ರೆ ಒಬ್ಬನ ಕೈಲಿ ಎತ್ತೋಕೆ ಆಗ್ಲಿಲ್ಲ, ಒಳಗೆಲ್ಲ ಸುಣ್ಣ ಕಟ್ಟಿತ್ತು, ಸೋಲಾರ್ ಗೀಸರ್ ಪೈಪಲ್ಲಿ ಕಟ್ಟುತ್ತಲ್ಲ ಆ ಥರ. ಸುಣ್ಣ ಕಟ್ಟದ ಹಾಗೆ ಹಾಕೋ ಕೆಮಿಕಲ್ ಕ್ಯಾನು ಖಾಲಿ, ಅದನ್ನ ಹನಿಸೋ ಪುಟ್ಟ ಪಂಪಿನ ವೈರು ಕಿತ್ತುಬಂದಿತ್ತು. ನೋಡ್ಕೊಳ್ಳೋ ಹುಡುಗನ ತಪ್ಪು ಅಂತ ಎಲ್ಲ ಬೈದ್ರು. ಅವನಿಗೆ ಆ ಕ್ಯಾನು ಏನಕ್ಕೆ ಅಂತ ಒಬ್ಬರೂ ಹೇಳಿರ್ಲಿಲ್ಲ ಸಾರ್. ನಾವು ಮರದ ಕೆಳಗೆ ಕೂತು ಅವನಿಗೆ ಒಂದು ಮಧ್ಯಾಹ್ನ ಪೂರ್ತಿ ವಿವರಿಸಿದ್ವಿ, ಫ್ಲೋರೈಡ್ ಅಂದ್ರೇನು, ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ್ರೆ ಯಾಕೆ ಕೆಟ್ಟದ್ದು, ಅವರ ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಯಾಕೆ ಇದೆ, ಪೊರೆ ಏನು ಮಾಡುತ್ತೆ. ನೀರಲ್ಲಿ ಕರಗಿರೋ ಉಪ್ಪೆಲ್ಲ ಎಷ್ಟು ಅಂತ ತೋರಿಸೋ ಒಂದು ಟಿಡಿಎಸ್ ಮೀಟರ್ ಕೊಟ್ಟು ಬಂದ್ವಿ. ಆರು ತಿಂಗಳಾದ್ಮೇಲೆ ಹೋದ್ರೆ ಘಟಕದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ದಿನಾ ಬೆಳಿಗ್ಗೆ ಒಳಗೆ ಹೋಗೋ ನೀರಿನ ಟಿಡಿಎಸ್ ಎಷ್ಟು, ಹೊರಗೆ ಬರೋದು ಎಷ್ಟು ಅಂತ ಸಾಲಾಗಿ ಬರೆದಿದ್ದ, ಜಾಗ ಸಾಲದೆ ಬಾಗಿಲ ಮೇಲೂ ಬರೆದಿದ್ದ. ನನಗೆ ಕಣ್ಣು ತುಂಬಿ ಬಂತು. ಲೋಬ್ ಜನ ಕೊಲಿಂಗದಲ್ಲಿ ಬರ್ಕೊಂಡಿದ್ದೂ ಇಂಥದ್ದೇ ಲೆಕ್ಕ.

ಸರಿ, ಮುಂದಕ್ಕೆ ಹೋಗೋಣ. 1960ರ ದಶಕದ ಕೊನೇಲಿ ಲೋಬ್ ಇಸ್ರೇಲಿಗೆ ಹೋದ್ರು. ಅರವಾ ಮರುಭೂಮೀಲಿ ಯೊತ್ವಾತಾ ಅನ್ನೋ ಕಿಬ್ಬುತ್ಸ್ ಇದೆ, ಎಲ್ಲರೂ ಸೇರಿ ದುಡಿದು ಹಂಚ್ಕೊಳ್ಳೋ ಹಳ್ಳಿ, ಅಲ್ಲಿನ ಸವುಳು ನೀರಿಗೆ ಪ್ಲಾಂಟ್ ಹಾಕೋಕೆ. ಆಮೇಲೆ ಬೇರ್‌ಶೇವಾದಲ್ಲಿ, ಈಗ ಬೆನ್ ಗುರಿಯನ್ ಯೂನಿವರ್ಸಿಟಿ ಅಂತಾರಲ್ಲ, ಅಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಪ್ರೊಫೆಸರ್ ಆದ್ರು, ಪೊರೆ ವಿದ್ಯೆ ಪಾಠ ಮಾಡಿದ್ರು. ಐವತ್ತು ದಾಟಿದ ಮೇಲೆ ಹೊಸ ದೇಶ, ಹೊಸ ಡಿಪಾರ್ಟ್‌ಮೆಂಟು.

ಅಲ್ಲಿದ್ದಾಗ 1973ರಲ್ಲಿ ಅವರ ಎರಡನೇ ದೊಡ್ಡ ಐಡಿಯಾ ಬಂತು. ಇದನ್ನ ಹೇಳೋಕೆ ನಾನು ನಿಮ್ಮನ್ನ ಜೋಗಕ್ಕೆ ಕರ್ಕೊಂಡು ಹೋಗ್ತೀನಿ. ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕುತ್ತೆ, ನಾವೆಲ್ಲ ಮಳೆಗಾಲದಲ್ಲಿ ಬಸ್ ಮಾಡ್ಕೊಂಡು ಹೋಗಿ ನೋಡ್ತೀವಿ. ಅದೇ ನದಿ ಹೊನ್ನಾವರದಲ್ಲಿ ಸದ್ದೇ ಇಲ್ದೆ ಸಮುದ್ರ ಸೇರುತ್ತೆ. ಆಗ್ಲೇ ಹೇಳಿದ್ನಲ್ಲ, ಸಿಹಿನೀರು ಸಮುದ್ರದ ನೀರಿನ ಕಡೆ ಓಡೋ ಒತ್ತಡ 27 ಬಾರ್ ಅಂತ, ಅದನ್ನ ನೀರಿನ ಎತ್ತರಕ್ಕೆ ತಿರುಗಿಸಿ ಲೆಕ್ಕ ಹಾಕಿ, ಸುಮಾರು 270 ಮೀಟರ್ ಬರುತ್ತೆ. ಅಂದ್ರೆ ಹೊನ್ನಾವರದ ಅಳಿವೇಲಿ ಕಣ್ಣಿಗೆ ಕಾಣದ ಇನ್ನೊಂದು ಜೋಗ ಇದೆ! ನಾನು ಮೊದಲ ಸಲ ಈ ಲೆಕ್ಕ ಮಾಡಿದಾಗ ತಪ್ಪಾಗಿರ್ಬೇಕು ಅಂತ ಮೂರು ಸಲ ಮಾಡಿದೆ.

ಲೋಬ್ ಹೇಳಿದ್ದು ಇದು: ನದಿ ನೀರು ಒಂದು ಕಡೆ, ಉಪ್ಪುನೀರು ಇನ್ನೊಂದು ಕಡೆ, ಮಧ್ಯೆ ಪೊರೆ. ಉಪ್ಪುನೀರಿನ ಕಡೆ ಸ್ವಲ್ಪ ಒತ್ತಡ ಕೊಟ್ಟಿರಿ, ಪೂರ್ತಿ 27 ಅಲ್ಲ, ಅರ್ಧದಷ್ಟು. ಸಿಹಿನೀರು ಆ ಒತ್ತಡದ ವಿರುದ್ಧವೂ ನುಗ್ಗಿ ಬರುತ್ತೆ, ಹಾಗೆ ಬಂದು ಹೆಚ್ಚಾದ ನೀರನ್ನ ಟರ್ಬೈನಿಗೆ ಬಿಡಿ, ಕರೆಂಟ್ ತಗೊಳ್ಳಿ. ಪ್ರೆಷರ್ ರಿಟಾರ್ಡೆಡ್ ಆಸ್ಮೋಸಿಸ್ ಅಂತ ಹೆಸರು. ಅವರಿದ್ದ ನಾಡಲ್ಲಿ ಮೃತ ಸಮುದ್ರ ಇದೆ, ಸಾಮಾನ್ಯ ಸಮುದ್ರಕ್ಕಿಂತ ಹತ್ತು ಪಟ್ಟು ಹತ್ತಿರ ಉಪ್ಪು, ಅಲ್ಲಿ ಈ ಕಾಣದ ಜಲಪಾತ ಇನ್ನೂ ಎಷ್ಟೋ ಎತ್ತರದ್ದು.

ನಾರ್ವೆಯ ಸ್ಟಾಟ್‌ಕ್ರಾಫ್ಟ್ ಕಂಪನಿ ಟೋಫ್ಟೆ ಅನ್ನೋ ಕಡೆ 2009ರ ನವೆಂಬರಲ್ಲಿ ಜಗತ್ತಿನ ಮೊದಲನೇ ಇಂಥ ಪುಟ್ಟ ಪವರ್ ಸ್ಟೇಷನ್ ತೆಗೀತು. ಕೆಲವೇ ಕಿಲೋವ್ಯಾಟ್, ಟೀ ಕೆಟಲ್ ಕಾಯಿಸೋಷ್ಟು. ಲಾಭ ಗಿಟ್ಟಬೇಕು ಅಂದ್ರೆ ಒಂದು ಚದರ ಮೀಟರ್ ಪೊರೆಗೆ 5 ವ್ಯಾಟ್ ಆದ್ರೂ ಬರ್ಬೇಕಿತ್ತು, ಬರ್ಲಿಲ್ಲ, 2013ರ ಕೊನೇಲಿ ಕೈಬಿಟ್ರು. ಯಾಕೆ ಬರ್ಲಿಲ್ಲ ಗೊತ್ತಾ? ಮತ್ತೆ ಅದೇ ದೋಸೆ. ರಿವರ್ಸ್ ಆಸ್ಮೋಸಿಸಲ್ಲಿ ಸ್ಪಂಜಿನ ಪದರ ಬರೀ ಹೊರೆ ಹೊರೋದು, ಅಲ್ಲಿ ಸಿಹಿನೀರು ಸುಮ್ಮನೆ ಹರಿದುಹೋಗುತ್ತೆ. ಇಲ್ಲಿ ಹಾಗಲ್ಲ, ಚರ್ಮ ಉಪ್ಪುನೀರಿಗೆ ಎದುರಾಗಿ, ಸ್ಪಂಜು ನದಿ ನೀರಿನ ಕಡೆಗೆ. ಚರ್ಮ ದಾಟಿ ಸೋರಿದ ಚೂರು ಉಪ್ಪು ಸ್ಪಂಜಿನೊಳಗೆ ಸಿಕ್ಕಿಬೀಳುತ್ತೆ, ಹೊರಗೆ ಹೋಗೋ ದಾರಿ ಇರಲ್ಲ, ನದಿಯ ಕೆಸರೂ ಅಲ್ಲೇ ಕೂರುತ್ತೆ, ಹಾಗಾಗಿ ಚರ್ಮದ ಎರಡು ಕಡೆ ಇರ್ಬೇಕಾದ ಉಪ್ಪಿನ ವ್ಯತ್ಯಾಸವೇ ಕಮ್ಮಿಯಾಗಿಬಿಡುತ್ತೆ. ಮೊದಲ ಕೆಲಸದಲ್ಲಿ ಅವರನ್ನ ಗೆಲ್ಲಿಸಿದ ಸ್ಪಂಜೇ ಎರಡನೇ ಕೆಲಸದಲ್ಲಿ ಅಡ್ಡ ಬಂತು.

ಇದು ಲೋಬ್‌ಗೆ ಗೊತ್ತಿತ್ತು. 1997ರಲ್ಲಿ, 80ನೇ ವಯಸ್ಸಲ್ಲಿ, ಬೆನ್ ಗುರಿಯನ್ ಜೊತೆಗಾರರ ಜೊತೆ ಒಂದು ಪೇಪರ್ ಬರೆದ್ರು, ಪೊರೆ ಹಿಂದೆ ಅಂಟಿಸಿರೋ ಬಟ್ಟೆ ಆಸ್ಮೋಸಿಸಿಗೆ ಎಷ್ಟು ಅಡ್ಡಿ ಮಾಡುತ್ತೆ ಅಂತ. ಆ ಪೇಪರಿನ ಹೆಸರಲ್ಲೇ ಲೋಬ್ ಸೌರಿರಾಜನ್ ಮಾದರಿ ಪೊರೆ ಅಂತ ಇದೆ. ತನ್ನ ಹೆಸರು ಹೊತ್ತ ವಸ್ತುವಿನ ಹುಳುಕು ಎಲ್ಲಿದೆ ಅಂತ ಎಂಬತ್ತನೇ ವಯಸ್ಸಲ್ಲಿ ತಾನೇ ಹುಡುಕೋದು, ನನಗೆ ಅವರ ಬದುಕಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಕಾಣಲ್ಲ. 2001ರಲ್ಲಿ, 84ರ ಹತ್ತಿರ, ಅಮೆರಿಕದ ಗ್ರೇಟ್ ಸಾಲ್ಟ್ ಲೇಕಿಂದ 130 ಮೆಗಾವ್ಯಾಟ್ ತೆಗೆಯಬಹುದಾ ಅಂತ ಒಂದು ಪೇಪರ್. ಮರುವರ್ಷ ನದಿ ಮತ್ತು ಸಮುದ್ರದ ನೀರಿಂದ ಕರೆಂಟ್ ಬಗ್ಗೆ ಇನ್ನೊಂದು.

2005ರಲ್ಲಿ ಇಸ್ರೇಲಿನ ಅಷ್ಕೆಲೋನಲ್ಲಿ ದಿನಕ್ಕೆ 33 ಕೋಟಿ ಲೀಟರ್ ಸಮುದ್ರದ ನೀರು ಸಿಹಿ ಮಾಡೋ ಪ್ಲಾಂಟ್ ಶುರುವಾಯ್ತು, ಆಗ ಜಗತ್ತಲ್ಲೇ ದೊಡ್ಡ ರಿವರ್ಸ್ ಆಸ್ಮೋಸಿಸ್ ಪ್ಲಾಂಟ್ ಅದು, ಕೊಲಿಂಗದ್ದಕ್ಕಿಂತ 17 ಸಾವಿರ ಪಟ್ಟು. ಅವರಿದ್ದ ಬೇರ್‌ಶೇವಾ ಸೀಮೆಯಿಂದ ದೂರ ಏನಲ್ಲ. ಲೋಬ್ 2008ರ ಡಿಸೆಂಬರಲ್ಲಿ ತೀರ್ಕೊಂಡ್ರು, 91 ವಯಸ್ಸು. ಟೋಫ್ಟೆ ಶುರುವಾಗೋಕೆ ಇನ್ನೂ ಹನ್ನೊಂದು ತಿಂಗಳಿತ್ತು, ಅದನ್ನ ನೋಡ್ಲಿಲ್ಲ ಅವರು.

ಹಿಂದಿನ ಸಾಲಲ್ಲಿ ಕೂತಿದ್ದ ಮೇಡಂ ಒಬ್ರು ಆಗ್ಲೇ ಕೈಯೆತ್ತಿ ಕೇಳಿದ್ರು, ಆರ್‌ಓ ಮೆಷಿನ್ ಒಂದು ಕೊಡ ನೀರಿಗೆ ಒಂದೂವರೆ ಎರಡು ಕೊಡ ಚರಂಡಿಗೆ ಬಿಡುತ್ತಲ್ಲ ಅದಕ್ಕೇನು ಮಾಡ್ತೀರಿ ಅಂತ. ಸರಿಯಾದ ಪ್ರಶ್ನೆ, ಮತ್ತೆ ನಮ್ಮ ಕಡೆ ಇದು ನಿಜವಾದ ನೋವು, ಬೋರಿಂದ ಎತ್ತಿದ ಫ್ಲೋರೈಡನ್ನ ಗಟ್ಟಿ ಮಾಡಿ ಮತ್ತೆ ನೆಲಕ್ಕೇ ಬಿಡ್ತಿದೀವಿ. ಮನೆಯದ್ದಾದ್ರೆ ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಬಳಸಿ. ಊರಿನ ಘಟಕದ್ದನ್ನ ತೋಟಕ್ಕೆ ಹಾಯಿಸ್ಬೇಡಿ, ನೆಲ ಕೆಡುತ್ತೆ, ತೊಳೆಯೋ ಕೆಲಸಕ್ಕೆ ಅಂತ ತೊಟ್ಟಿ ಕಟ್ಟಿಸಿ, ಮೊದಲನೇ ಪೊರೆಯ ಹೊರನೀರನ್ನ ಎರಡನೇ ಪೊರೆಗೆ ಕೊಟ್ರೆ ಪೋಲಾಗೋದು ಕಮ್ಮಿಯಾಗುತ್ತೆ. ಪೂರ್ತಿ ಪರಿಹಾರ ಅಂತ ನಾನು ಹೇಳಲ್ಲ. ದೊಡ್ಡ ಪ್ಲಾಂಟುಗಳ ವಿಷಯಕ್ಕೆ ಜಪಾನಿನ ಫುಕುವೋಕಾದಿಂದ ಒಂದು ಸುದ್ದಿ ಇದೆ. 2025ರ ಆಗಸ್ಟಲ್ಲಿ ಅಲ್ಲಿ ಒಂದು ಆಸ್ಮೋಸಿಸ್ ವಿದ್ಯುತ್ ಘಟಕ ಶುರುವಾಗಿದೆ, ವರ್ಷಕ್ಕೆ ಸುಮಾರು 8.8 ಲಕ್ಷ ಯೂನಿಟ್ ಅಂದಾಜು. ಒಂದು ಕಡೆ ಸಮುದ್ರದ ನೀರು ಸಿಹಿ ಮಾಡಿ ಉಳಿದ ಗಟ್ಟಿ ಉಪ್ಪುನೀರು, ಇನ್ನೊಂದು ಕಡೆ ಶುದ್ಧ ಮಾಡಿದ ಕೊಳಚೆ ನೀರು. ಲೋಬ್ ಅವರ ಮೊದಲನೇ ಕೆಲಸ ಬೇಡ ಅಂತ ಹೊರಗೆ ಬಿಟ್ಟಿದ್ದನ್ನ ಅವರ ಎರಡನೇ ಕೆಲಸ ಬಳಸ್ಕೊಳ್ತಿದೆ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಲ್ಯಾಬ್ ತೆಗೆಸಿರ್ತೀನಿ, ಆಸಕ್ತಿ ಇರೋರು ಬನ್ನಿ, ಪಿಯುಸಿ ಮಕ್ಕಳೂ ಬರಬಹುದು. ಸೆಲ್ಯುಲೋಸ್ ಅಸಿಟೇಟ್ ಇದೆ, ಅಸಿಟೋನ್ ಇದೆ (ಬೆಂಕಿಪೊಟ್ಟಣ ಯಾರೂ ತರಬೇಡಿ, ಬೇಗ ಹೊತ್ಕೊಳ್ಳುತ್ತೆ), ಆ ಪರ್‌ಕ್ಲೋರೇಟ್ ನಾವು ಹಾಕಲ್ಲ, ಅದು ಅಪಾಯದ್ದು, ಅದಿಲ್ದೇನೇ ಗಾಜಿನ ಮೇಲೆ ಎಳೆದು ಐಸ್ ಬಕೆಟ್ಟಿಗೆ ಇಳಿಸಿದ್ರೆ ಹಾಳೆ ಬೆಳ್ಳಗೆ ತಿರುಗೋದು ಕಾಣುತ್ತೆ, ಅದನ್ನ ಕಣ್ಣಾರೆ ನೋಡ್ಬೇಕು. ಬರೋರು ಒಂದು ಚಿಕ್ಕ ಕತ್ತರಿ ತನ್ನಿ. ಗಾಜಿಂದ ಬಿಡಿಸೋಕೆ ಮುಂಚೆ ಬಲಗಡೆ ಮೇಲಿನ ಮೂಲೆ ಒಂಚೂರು ಕತ್ತರಿಸಿ ಗುರುತು ಮಾಡ್ಕೊಳ್ಳಿ, ನೀರಲ್ಲಿ ಒಂದು ಸಲ ಮಗುಚಿಕೊಂಡ್ರೆ ಯಾವ ಮಗ್ಗುಲು ಮೇಲೆ ಅಂತ ಆಮೇಲೆ ಹೇಳೋಕೆ ಆಗಲ್ಲ.